ಕಾರಿನ ಕಡೆಯಾಕಿ

ಮಕ್ತಲ್‌ನಿಂದ ನಾರಾಯಣಪೇಟೆ ಕಡೆ ಹೋಗುವಾಗ, ಮನೆಗಳು ಮುಗಿದು ಹೊಲ ಶುರುವಾಗುವ ಜಾಗದಲ್ಲಿ ಮಹೇಂದರನ ಕಾರು ರಿಪೇರಿ ಶೆಡ್ಡು ಇದೆ. ಅವನ ತಾಯಿ ಕುರುಮಮ್ಮ ಅಲ್ಲಿಗೆ ಹೋಗತೊಡಗಿದ್ದು ಬುತ್ತಿ ಕೊಡಲಿಕ್ಕೆ. ಮಗ ಉಂಡ ಮೇಲೆ ಡಬ್ಬಿ ತೊಳೆದುಕೊಂಡು ಮನೆಗೆ ಬರಬೇಕು, ಅಷ್ಟೇ ಕೆಲಸ. ಬುತ್ತಿ ಕೊಡಲು ಹೋದಾಕೆ ಸಂಜೆಯವರೆಗೂ ಅಲ್ಲೇ ಕೂಡುವ ಹಾಗಾದದ್ದು ಸ್ಕ್ಯಾನರಿನಿಂದ.

ಸ್ಕ್ಯಾನರ್ ತರಿಸಿದವಳು ಸೊಸೆ ತ್ರಿವೇಣಿ. ಸರ್ಕಾರಿ ಕಾಗದಪತ್ರ ಮಾಡಿಸುವ ಮೀ ಸೇವಾ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತು ಜನರ ಅರ್ಜಿ ತುಂಬುವ ಹುಡುಗಿ. ಗಂಡ ಹಳೆಯ ಕಾರುಗಳ ಕಾಯಿಲೆಯನ್ನು ಕಿವಿಯಿಂದಲೇ ಕಂಡುಹಿಡಿಯುತ್ತಾನೆ, ಹೊಸ ಕಾರು ಬಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾನೆ ಎಂಬುದನ್ನು ನೋಡಿ ನೋಡಿ ಒಂದು ದಿನ ಆನ್‌ಲೈನಿನಲ್ಲಿ ತರಿಸಿಯೇಬಿಟ್ಟಳು. ಅಂಗೈ ಅಗಲದ ಯಂತ್ರ. ಅದಕ್ಕೊಂದು ವಯರು, ವಯರಿನ ತುದಿಗೆ ಹದಿನಾರು ಪಿನ್ನಿನ ಪ್ಲಗ್ಗು. ಸ್ಟೀರಿಂಗಿನ ಕೆಳಗೆ, ಮೊಣಕಾಲು ತಾಗುವ ಕಡೆ ಕಾರಿನಲ್ಲಿ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚಿ ಚಾವಿ ತಿರುಗಿಸಿದರೆ, ತನಗೆ ಎಲ್ಲಿ ನೋಯುತ್ತಿದೆ ಎಂಬುದನ್ನು ಕಾರೇ ಒಂದು ಅಕ್ಷರ, ನಾಲ್ಕು ಅಂಕಿಯಲ್ಲಿ ಹೇಳಿಬಿಡುತ್ತದೆ.

ಮೊದಲ ದಿನ ಮಹೇಂದರನ ಕೈ ಮೊಣಕೈತನಕ ಎಣ್ಣೆಯಾಗಿತ್ತು. ಹೊಸ ಯಂತ್ರ ಮುಟ್ಟಲು ಮನಸ್ಸಾಗಲಿಲ್ಲ.

“ಯವ್ವಾ, ಇದನ್ನ ಸ್ವಲ್ಪ ಹಿಡಿ. ಪರದಿ ಮ್ಯಾಲ ಏನ್ ಬಂದೈತಿ ಹೇಳು.”

“ನನಗೆಲ್ಲಿ ಓದಾಕ ಬರತೈತೋ?”

“ಫೋನಿನ ನಂಬರ್ ಓದತಿಯಲ್ಲ, ಹಂಗೇ ಓದು.”

ಕುರುಮಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಮೊದಲ ಒಂದು ಬಾವುಟ ಐತಿ. ಆಮ್ಯಾಲ ಸೊನ್ನಿ, ಮೂರು, ಮೂರು, ಐದು.”

ಆ ಬಾವುಟ ಇಂಗ್ಲಿಷಿನ ಪಿ ಎಂದು ರಾತ್ರಿ ಊಟದ ಹೊತ್ತಿಗೆ ತ್ರಿವೇಣಿ ಹೇಳಿಕೊಟ್ಟಳು. ಎಲ್ಲ ಅಕ್ಷರ ಕಲಿಯಬೇಕಾಗಿಲ್ಲ, ಈ ಯಂತ್ರಕ್ಕೆ ನಾಲ್ಕೇ ಸಾಕು ಎಂದಳು. ಬಾವುಟದಂಥ ಪಿ ಬಂದರೆ ಇಂಜಿನ್ನು. ಎರಡು ಹೊಟ್ಟೆಯ ಬಿ ಬಂದರೆ ಕಾರಿನ ಮೈ. ಟಗರಿನ ಕೊಂಬಿನಂಥ ಸಿ ಬಂದರೆ ಬ್ರೇಕು, ಚಕ್ರ. ಕುರಿ ನೀರು ಕುಡಿಯುವ ಬಾನಿಯಂಥ ಯು ಬಂದರೆ ಒಳಗಿನ ಯಂತ್ರಗಳು ಒಂದಕ್ಕೊಂದು ಮಾತಾಡುವುದನ್ನು ಬಿಟ್ಟಿವೆ ಎಂದು ಅರ್ಥ.

“ಅತ್ತಿ-ಸೊಸಿ ಮಾತು ಬಿಟ್ಟಂಗ,” ಅಂದಳು ಕುರುಮಮ್ಮ. ಇಬ್ಬರೂ ನಕ್ಕರು.

ಕುರುಮಮ್ಮನಿಗೆ ಆಗ ಐವತ್ತೆರಡು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಗಂಡ ಕಿಷ್ಟಪ್ಪನ ಮೊಣಕಾಲು ಕೆಡುವವರೆಗೂ ಅವರಿಗೆ ನೂರಾ ನಲವತ್ತು ಕುರಿ ಇದ್ದವು. ಯಾವ ಮರಿ ಯಾವ ಕುರಿಯದು, ಅದರ ತಾಯಿ ಯಾವುದು, ಯಾವ ವರ್ಷ ಯಾವುದಕ್ಕೆ ಕಾಲುಬೇನೆ ಬಂದಿತ್ತು ಎಂಬುದೆಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಕುರಿ ಮಾರಿದ ಮೇಲೆ ಆ ತಲೆಗೆ ಕೆಲಸವೇ ಇರಲಿಲ್ಲ. ಈಗ ಅದರೊಳಗೆ ಕೋಡುಗಳು ಬಂದು ಕುಂತವು. ಒಂದು ಸಲ ಕೇಳಿದ ನಂಬರನ್ನು ಅವಳು ಮರೆಯುತ್ತಿರಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಮಹೇಂದರ್ ಕಾರಿನ ಕೆಳಗೆ ಮಲಗಿಕೊಂಡೇ “ಯವ್ವಾ, ಸೊನ್ನೆ ನಾಕು ಸೊನ್ನೆ ಒಂದು ಅಂದ್ರ?” ಎಂದು ಕೇಳುವುದು, ಅವಳು ಚಹಾ ಸೋಸುತ್ತಲೇ “ಹೊಗಿ ತಿರುಗಿ ಒಳಗ ಹೋಗೋ ದಾರಿ ಕಟ್ಟೈತಿ, ತಗದು ತೊಳಿ” ಎನ್ನುವುದು ದಿನದ ಮಾತಾಯಿತು.

ಕಿಷ್ಟಪ್ಪ ಶೆಡ್ಡಿನ ಮುಂದಿನ ಬೇವಿನ ಕೆಳಗೆ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದ. ಅವನಿಗೆ ಇದೆಲ್ಲ ಸೋಜಿಗ. “ಇದು ಮೈಲಾರದ ಕಾರಣಿಕ ಇದ್ದಂಗ ಐತಿ,” ಎಂದು ಒಂದು ದಿನ ಅಂದ. “ಒಂದೇ ಮಾತು ನುಡಿದು ಸುಮ್ಮನಾಗತೈತಿ. ಅರ್ಥ ನೀವು ಹಚ್ಚಿಕೋರಿ ಅಂತೈತಿ.”

“ಖರೇ ಐತಿ ಮಾಮಾ,” ಎಂದಳು ತ್ರಿವೇಣಿ. “ಯಾವ ಸಾಮಾನು ಕೆಟ್ಟೈತಿ ಅಂತ ಇದು ಹೇಳಂಗಿಲ್ಲ. ಯಾವ ಕಡಿ ನೋಡಬೇಕು ಅಂತ ಹೇಳತೈತಿ. ನೋಡೋದು ನಮ್ಮ ಕೆಲಸ.”

ಕುರುಮಮ್ಮ ಈ ಮಾತನ್ನು ನಂಬರುಗಳ ಪಕ್ಕದಲ್ಲೇ ತಲೆಯಲ್ಲಿ ಇಟ್ಟುಕೊಂಡಳು.

ಫೆಬ್ರವರಿಯ ಒಂದು ಶುಕ್ರವಾರ ಮಹೇಂದರ್ ಕ್ಲಚ್ ಪ್ಲೇಟು ತರಲು ಬೈಕ್ ಹತ್ತಿ ರಾಯಚೂರಿಗೆ ಹೋಗಿದ್ದ. ತ್ರಿವೇಣಿ ಕೆಲಸಕ್ಕೆ ಹೋಗಿದ್ದಳು. ಶೆಡ್ಡಿನಲ್ಲಿ ಗಂಡಹೆಂಡತಿ ಇಬ್ಬರೇ. ಒಂಬತ್ತೂವರೆ ಹೊತ್ತಿಗೆ ಮೈತುಂಬ ಚೆಂಡುಹೂವಿನ ಮಾಲೆ ಹಾಕಿಕೊಂಡ ಬಿಳಿ ಕಾರೊಂದು ಕರಿ ಹೊಗೆ ಬಿಡುತ್ತ, ಗಬ್ಬದ ಎಮ್ಮೆಯ ಹಾಗೆ ನಡೆದುಕೊಂಡು ಬಂದು ಶೆಡ್ಡಿನ ಮುಂದೆ ನಿಂತಿತು.

ಇಳಿದವನು ಐವತ್ತರ ಆಸುಪಾಸಿನ ದಪ್ಪ ಗಂಡಸು. ಹೆಸರು ಆಂಜನೇಯುಲು, ಕೋಸಗಿಯವನು, ಮದುಮಗನ ಸೋದರಮಾವ. “ಅಯ್ಯೋ ದೇವುಡಾ, ಮೆಕ್ಯಾನಿಕ್ ಎಲ್ಲ್ಯಾನ?” ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೂಗಿದ. ಹಿಂದಿನ ಸೀಟಿನಿಂದ ಮದುಮಗ ಮೌನೇಶ್ ಇಳಿದ. ಮುಖದ ಅರಿಶಿನ ಬೆವರಿಗೆ ಕರಗಿ ಕೊರಳಿಗೆ ಇಳಿದಿತ್ತು. ಅವನ ಅಜ್ಜಿ ಪೆಂಟಮ್ಮ ಇಳಿಯಲಿಲ್ಲ, ಕಿಟಕಿಯಿಂದ ತಲೆ ಹಾಕಿ ಎಲ್ಲರನ್ನೂ ನೋಡಿದಳು.

ಸಂಗತಿ ಇಷ್ಟು. ಅವರು ಕೊತ್ತಪಲ್ಲಿಯಿಂದ ಹೊರಟವರು. ಮದುವೆ ಗದ್ವಾಲದಲ್ಲಿ. ಮುಹೂರ್ತ ಹನ್ನೊಂದು ನಲವತ್ತಕ್ಕೆ. ಉಳಿದ ಬಂಧುಗಳೆಲ್ಲ ಬಸ್ಸಿನಲ್ಲಿ ಮುಂದೆ ಹೋಗಿಬಿಟ್ಟಿದ್ದರು. ಕಾರು ಆಂಜನೇಯುಲು ಎರಡು ತಿಂಗಳ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡು. ಮೂರು ದಿನದಿಂದ ಮೀಟರಿನಲ್ಲಿ ಹಳದಿ ಇಂಜಿನ್ ದೀಪ ಹತ್ತುತ್ತಿತ್ತು. ಯಾರೋ ಪರಿಚಯದವರು ಅದನ್ನು ಎರಡು ಸಲ ಅಳಿಸಿಕೊಟ್ಟಿದ್ದರು.

“ನೀವೂ ಅಳಿಸಿಬಿಡ್ರಿ ಅಕ್ಕಾ,” ಎಂದು ಆಂಜನೇಯುಲು ಕೈ ಮುಗಿದ. “ದೀಪ ಒಂದು ಆರಿದ್ರ ನಾವು ಹೊಂಡತೀವಿ.”

“ದೀಪ ಆರಿಸಿದ್ರ ಜ್ವರ ಇಳಿತೈತೇನಪಾ?” ಎಂದಳು ಕುರುಮಮ್ಮ. ಹೇಳಿದ್ದು ಧೈರ್ಯವಾಗಿ. ಹೇಳಿದವಳೇ ಮಗನಿಗೆ ಫೋನ್ ಮಾಡಿದಳು. ಬೈಕ್ ಓಡಿಸುವವನು ಫೋನ್ ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ.

ಕಿಷ್ಟಪ್ಪನ ಕಡೆ ನೋಡಿದಳು. ಅವನು ನೂಲುವುದನ್ನು ನಿಲ್ಲಿಸಿ, “ಹಚ್ಚಿ ನೋಡು. ಓದಿದ್ರ ಏನೂ ಕೆಡಂಗಿಲ್ಲಲ್ಲ,” ಎಂದ.

ಅದೂ ಖರೇ. ಕುರುಮಮ್ಮ ಪೆಟ್ಟಿಗೆಯಿಂದ ಸ್ಕ್ಯಾನರ್ ತೆಗೆದಳು. ಸೆರಗು ಸಿಕ್ಕಿಸಿಕೊಂಡು, ಡ್ರೈವರ್ ಬಾಗಿಲಲ್ಲಿ ಬಗ್ಗಿ ಪ್ಲಗ್ಗು ಚುಚ್ಚಿದಳು. “ಏನದು, ಬೀಪಿ ಮಿಷನ್ನಾ?” ಎಂದು ಪೆಂಟಮ್ಮ ತನ್ನ ತೋಳು ಮುಂದೆ ಚಾಚಿದಳು. ಪರದೆಯ ಮೇಲೆ ಗೆರೆ ಓಡಿ ಓಡಿ ಕೊನೆಗೆ ಒಂದೇ ಸಾಲು ನಿಂತಿತು.

ಪಿ ಸೊನ್ನೆ ಎರಡು ಒಂಬತ್ತು ಒಂಬತ್ತು.

ಕುರುಮಮ್ಮನ ಮುಖ ಅರಳಿತು. ಈ ಕುರಿ ತನಗೆ ಗೊತ್ತು! ಸಂಕ್ರಾಂತಿಯ ಹಿಂದಿನ ವಾರ ಒಂದು ಗಾಡಿಗೆ ಇದೇ ಬಂದಿತ್ತು. ಟರ್ಬೊ ಇಂಜಿನ್ನಿಗೆ ಗಾಳಿ ತಳ್ಳುತ್ತದೆ, ತಳ್ಳಿದ ಗಾಳಿ ಇಂಜಿನ್ನಿಗೆ ಸಾಲುತ್ತಿಲ್ಲ ಎಂಬ ಕೋಡು. ಟರ್ಬೊ ಕೆಟ್ಟಿರಬಹುದು, ಇಲ್ಲವೇ ನಡುವೆ ಎಲ್ಲೋ ಗಾಳಿ ಸೋರುತ್ತಿರಬಹುದು. ಮೊದಲು ಪೈಪು ನೋಡಬೇಕು. ಮಹೇಂದರ್ ಅವತ್ತು ಹಾಗೇ ಮಾಡಿದ್ದ.

“ಬಾನೆಟ್ ಎತ್ತು. ಅಕ್ಸಿಲೇಟರ್ ಒತ್ತಿ ಹಿಡಿ,” ಎಂದಳು ಆಂಜನೇಯುಲುಗೆ. “ಮದುಮಗಾ, ನಿನ್ನ ಫೋನಿನ ಟಾರ್ಚ್ ಹಚ್ಚಿ ಇಲ್ಲಿ ಬೆಳಕ ತೋರಿಸು.”

ರೇಷ್ಮೆ ಪಂಚೆಯ ಮೌನೇಶ್ ಮದುವೆಯ ದಿನ ಇಂಜಿನ್ ಮೇಲೆ ಬಗ್ಗಿ ಟಾರ್ಚ್ ಹಿಡಿದ. ಇಂಜಿನ್ನು ಗುರ್ ಎಂದಿತು. ಆ ಸದ್ದಿನ ಕೆಳಗೆ ಇನ್ನೊಂದು ಸದ್ದಿತ್ತು. ಸ್ಸ್... ಸ್ಸ್... ನೆಗಡಿಯಾದ ಕುರಿ ಮೂಗಿನಲ್ಲಿ ಉಸಿರು ಬಿಟ್ಟ ಹಾಗೆ. ಕುರುಮಮ್ಮ ಕಿವಿ ಒಡ್ಡಿದಳು. ಎಡಗಡೆ, ಕೆಳಗೆ. ದಪ್ಪ ರಬ್ಬರು ಪೈಪು ಬಂದು ಕೂಡುವ ಜಾಗದಲ್ಲಿ ಎಣ್ಣೆಯ ಹಸಿ ಮಚ್ಚೆ. ಪೈಪಿನ ಕೊರಳಿಗೆ ಹಾಕಿದ ಕಬ್ಬಿಣದ ಪಟ್ಟಿ ಸಡಿಲಾಗಿ ಓರೆಯಾಗಿತ್ತು. ಪೈಪು ಅರ್ಧ ಹೊರಗೆ ಬಂದಿತ್ತು.

“ಆರಿಸು, ಆರಿಸು! ಸಿಕ್ತು!”

ಅವಳು ಕೂಗಿದ ರಭಸಕ್ಕೆ ಮೌನೇಶನ ಫೋನು ಕೈಜಾರಿ ಬ್ಯಾಟರಿಯ ಮೇಲೆ ಬಿತ್ತು. ಕುರುಮಮ್ಮ ಬಿಸಿ ಪೈಪನ್ನು ಗೋಣಿತಾಟಿನಿಂದ ಹಿಡಿದು ಒತ್ತಿ ಕೂಡಿಸಿದಳು, ಪಟ್ಟಿಯನ್ನು ಸರಿಯಾದ ಜಾಗಕ್ಕೆ ಸರಿಸಿದಳು, ಸ್ಕ್ರೂಡ್ರೈವರ್ ತೊಗೊಂಡು ತಿರುವಿದಳು.

ಮತ್ತೆ ಇಂಜಿನ್ ಹಚ್ಚಿದರು. ಉಸಿರು ಸೋರುವ ಸದ್ದಿಲ್ಲ. ಕೋಡು ಅಳಿಸಿದಳು. ಹಳದಿ ದೀಪ ಆರಿತು. ಪೆಂಟಮ್ಮ ಕಾರಿನೊಳಗೇ ಚಪ್ಪಾಳೆ ತಟ್ಟಿದಳು.

“ಇನ್ನೂ ಮುಗಿದಿಲ್ಲ,” ಎಂದಳು ಕುರುಮಮ್ಮ. “ನಿಂತಲ್ಲಿ ನಿಂತು ಗಾಳಿ ಲೆಕ್ಕ ಸಿಗಂಗಿಲ್ಲ. ರಸ್ತಾದ ಮ್ಯಾಲ ಓಡಿಸಿ ನೋಡಬೇಕು. ಆ ನೀರಿನ ಟ್ಯಾಂಕಿನ ತನ ಹೋಗಿ ಬರೂಣು.” ಮಹೇಂದರ್ ಯಾವಾಗಲೂ ಹಾಗೇ ಮಾಡುತ್ತಿದ್ದ. ಅವನು ಓಡಿಸುವುದು, ಪಕ್ಕದಲ್ಲಿ ಇವಳು ಸ್ಕ್ಯಾನರ್ ಹಿಡಿದು ಗಾಳಿಯ ನಂಬರ್ ಕೂಗುವುದು.

ಬರಿಗಾಲಲ್ಲೇ ಮುಂದಿನ ಸೀಟು ಹತ್ತಿದಳು. ಆಂಜನೇಯುಲು ಕಾರು ಹೊರಡಿಸಿದ.

“ನೂರಾ ಎರಡು,” ಎಂದು ಶುರು ಮಾಡಿದಳು ಕುರುಮಮ್ಮ. “ನೂರಾ ಹತ್ತು... ಒತ್ತು, ಇನ್ನೂ ಒತ್ತು... ನೂರಾ ಮೂವತ್ತು, ನೂರಾ ಐವತ್ತು, ನೂರಾ ಎಪ್ಪತ್ತು! ಬಂತು ನೋಡು ಉಸಿರು!” ಕಾರು ಬೆನ್ನಿಗೆ ಒದ್ದ ಹಾಗೆ ಮುಂದಕ್ಕೆ ಹಾರಿತು. ನೀರಿನ ಟ್ಯಾಂಕು ಬಂತು. ನೀರಿನ ಟ್ಯಾಂಕು ಹೋಯಿತು.

“ತಿರುಗಿಸಪಾ.”

“ಟೈಮಿಲ್ಲ ಅಕ್ಕಾ,” ಎಂದ ಆಂಜನೇಯುಲು ಕಣ್ಣನ್ನು ರಸ್ತೆಯಿಂದ ಎತ್ತದೆ.

“ತಿರುಗಿಸೋ, ನಾನು ಇಳಿಬೇಕು!”

“ನೀವು ಇಳಿದ ಮ್ಯಾಲ ಮತ್ತ ನಿಂತ್ರ ಯಾರನ್ನ ಕೇಳಲಿ? ಗದ್ವಾಲದ ತನ ಬರ್ರಿ. ಊಟ ಮಾಡ್ರಿ. ನಿಮ್ಮನ್ನ ದೇವರಂಗ ಕಳಸತೀನಿ.”

“ದೊಡ್ಡಮ್ಮಾ, ನಿಮ್ಮ ಕಾಲ ಬೀಳತೀನಿ, ಬರ್ರಿ,” ಎಂದ ಮೌನೇಶ್ ಹಿಂದಿನಿಂದ.

ಮಕ್ತಲ್ ಊರೊಳಗಿಂದ ಹಾದು ಕಾರು ಅಮರಚಿಂತದ ದಾರಿ ಹಿಡಿದಾಗ ಕುರುಮಮ್ಮನ ಫೋನು ಕೂಗಿತು. ಕಿಷ್ಟಪ್ಪ, ಎದುರಿನ ಪಂಕ್ಚರ್ ಅಂಗಡಿಯವನ ಫೋನಿನಿಂದ. “ಏ, ಎಲ್ಲಿಗಿ ಹೊಂಟಿ?”

“ಮದುವಿಗಿ!” ಎಂದಳು ಕುರುಮಮ್ಮ. ಹಾಗೆ ಹೇಳಿದ್ದೇ ಅವಳಿಗೆ ನಗು ಒತ್ತಿಬಂತು. “ಶೆಡ್ ನೋಡ್ಕೋರಿ. ನನ್ನ ಹಿಡಕೊಂಡು ಹೊಂಟಾರ!”

ಕಿಷ್ಟಪ್ಪ, “ಯಾರ ಮದುವಿಗಿ?” ಎಂದ. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಮುಂದೆ ಅರ್ಧ ತಾಸು ಎಲ್ಲ ಚೆನ್ನಾಗಿತ್ತು. ಶೇಂಗಾ ಹೊಲ, ಭತ್ತದ ಗದ್ದೆ, ಮೆಣಸಿನಕಾಯಿ ಹರವಿದ ಕಣ ಎಲ್ಲ ಹಿಂದಕ್ಕೆ ಓಡಿದವು. ಕುರುಮಮ್ಮ ಗಾಳಿಯ ನಂಬರ್ ಕೂಗುತ್ತಿದ್ದಳು, ಪೆಂಟಮ್ಮ ಅದನ್ನೇ ತಪ್ಪುತಪ್ಪಾಗಿ ಹಿಂದಿನಿಂದ ಕೂಗುತ್ತಿದ್ದಳು. ಜೂರಾಲ ಡ್ಯಾಮಿನ ಮೇಲೆ ಬಂದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಒಂದು ಕಡೆ ಕೃಷ್ಣೆಯ ನೀರು ಕಣ್ಣು ಹಾಯುವಷ್ಟು ದೂರ ಮಿನುಗುತ್ತಿತ್ತು.

“ಹೊಳಿ ನೋಡೋ ಮೌನ್ಯಾ, ಕೈ ಮುಗಿ,” ಎಂದಳು ಪೆಂಟಮ್ಮ.

ಮೌನೇಶ್ ಕೈ ಎತ್ತಿದ. ಅದೇ ಗಳಿಗೆಗೆ ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಕಾರಿನ ಶಕ್ತಿಯೆಲ್ಲ ಯಾರೋ ಹಿಂಡಿ ತೆಗೆದ ಹಾಗೆ ಹೋಯಿತು. ಅಕ್ಸಿಲೇಟರ್ ಒತ್ತಿದರೂ ಕಾರು ಏಳಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಒತ್ತಿಯೇ ಒತ್ತಿದ. ಸೈಕಲ್ಲಿನಲ್ಲಿ ಮೀನಿನ ಬುಟ್ಟಿ ಕಟ್ಟಿಕೊಂಡ ಮುದುಕನೊಬ್ಬ ಆರಾಮಾಗಿ ಅವರನ್ನು ದಾಟಿ ಹೋದ. ಹೋಗುವಾಗ ಮದುಮಗನಿಗೆ ಸಲಾಮು ಹೊಡೆದ.

“ನನ್ನ ಮದುವಿ ಆಗಂಗಿಲ್ಲ,” ಎಂದ ಮೌನೇಶ್.

ಕುರುಮಮ್ಮ ಕೋಡು ಓದುವ ಗುಂಡಿ ಒತ್ತಿದಳು. ಗೆರೆ ಓಡಿತು. ಸಾಲಿನ ಕೊನೆಯಲ್ಲಿ ಎರಡು ಒಂಬತ್ತು ಒಂಬತ್ತು ಎಂದು ಕಂಡಿತು. ಅದೇ! ಹಾಗಾದರೆ ಪೈಪು ಮತ್ತೆ ಬಿಚ್ಚಿತೇ? ತಾನು ಪಟ್ಟಿ ಸರಿಯಾಗಿ ಬಿಗಿಯಲಿಲ್ಲವೇ? ಮೂರು ತಿಂಗಳಲ್ಲಿ ನಾಲ್ಕು ಅಕ್ಷರ ಕಲಿತು ಮಂದಿಯ ಮದುವೆ ಕೆಡಿಸಿದೆನೇ?

ಸೊಸೆಗೆ ಫೋನ್ ಮಾಡಿದಳು. ತ್ರಿವೇಣಿಯ ಮುಂದೆ ಆಧಾರ್ ತಿದ್ದಿಸಿಕೊಳ್ಳುವವರ ಸಾಲಿತ್ತು. ಆದರೂ ಎತ್ತಿದಳು.

“ತ್ರಿವೇಣಿ, ಕೆಟ್ಟೆವು ನಾವು. ಪಿ ಎರಡು ಒಂಬತ್ತು ಒಂಬತ್ತು ತಿರುಗಿ ಬಂದೈತಿ. ಡ್ಯಾಮಿನ ಮ್ಯಾಲ ಸಿಕ್ಕೊಂಡೀವಿ.”

“ಯಾವ ಡ್ಯಾಮು? ಅತ್ತಿ, ನೀವು ಎಲ್ಲಿದ್ದೀರಿ?”

“ಅದು ಆಮ್ಯಾಲ ಹೇಳತೀನಿ!”

“ಸರಿ. ಗಾಬರಿ ಆಗಬ್ಯಾಡ್ರಿ. ಪೂರಾ ನಂಬರ್ ಓದ್ರಿ. ಬಾವುಟದ ಪಕ್ಕ ಏನೈತಿ?”

ಕುರುಮಮ್ಮ ಸ್ಕ್ಯಾನರನ್ನು ಮೂಗಿನ ಹತ್ತಿರ ತಂದಳು. ಬಾವುಟದ ಪಕ್ಕ ಸೊನ್ನೆ ಇರಲಿಲ್ಲ. “ಎರಡು. ಪಿ, ಎರಡು, ಎರಡು, ಒಂಬತ್ತು, ಒಂಬತ್ತು.”

“ಅದು ಬ್ಯಾರೆ ಅತ್ತಿ! ಪೂರ್ತಿ ಬ್ಯಾರೆ. ತಡೀರಿ, ನೋಡತೀನಿ.” ಆ ಕಡೆ ಕೀಬೋರ್ಡಿನ ಸದ್ದು ಟಕಟಕ ಕೇಳಿತು. ಸಾಲಿನಲ್ಲಿ ನಿಂತ ಯಾರೋ ಜಗಳ ತೆಗೆಯುತ್ತಿದ್ದುದೂ ಕೇಳಿತು. “ಸಿಕ್ತು. ಬ್ರೇಕು, ಅಕ್ಸಿಲೇಟರು ಎರಡೂ ಒಮ್ಮೆಲೇ ಒತ್ತಿದಂಗ ಕಾರಿಗಿ ಕಾಣಾಕ್ಹತ್ತೈತಿ. ಹಂಗಾದ್ರ ಅದು ಭಯಪಟ್ಟು ಶಕ್ತಿ ಕಡಿಮಿ ಮಾಡತೈತಿ. ಬ್ರೇಕಿನ ಸ್ವಿಚ್ಚು ಕೆಟ್ಟಿರಬಹುದು, ಇಲ್ಲಾ...”

ಕುರುಮಮ್ಮ ಉಳಿದದ್ದನ್ನು ಕೇಳಲಿಲ್ಲ. ಯಾವ ಕಡೆ ನೋಡಬೇಕೆಂದು ಯಂತ್ರ ಹೇಳಿಯಾಗಿತ್ತು. ಅವಳು ಬಗ್ಗಿ ಕೆಳಗೆ ನೋಡಿದಳು.

ಆಂಜನೇಯುಲುನ ಬಲಗಾಲು ಅಕ್ಸಿಲೇಟರಿನ ಮೇಲಿತ್ತು. ಅವನ ಎಡಗಾಲು, ಹೊಸ ಚರ್ಮದ ಚಪ್ಪಲಿ ಸಮೇತ, ಬ್ರೇಕಿನ ಮೇಲೆ ಗಟ್ಟಿಯಾಗಿ ಕೂತಿತ್ತು.

“ಆಂಜನೇಯುಲು, ನಿನ್ನ ಎಡಗಾಲು ಏನ್ ಮಾಡಾಕ್ಹತ್ತೈತಿ?”

“ಎಡಗಾಲಾ? ಏನಿಲ್ಲಕ್ಕಾ. ಬ್ರೇಕಿನ ಮ್ಯಾಲ ಸುಮ್ಮನ ಇಟ್ಟೀನಿ.”

“ಯಾಕ?”

ಆಂಜನೇಯುಲು ಇಪ್ಪತ್ತೈದು ವರ್ಷ ಟ್ರ್ಯಾಕ್ಟರ್ ಓಡಿಸಿದವನು. ಈ ಕಾರಿಗೆ ಕ್ಲಚ್ಚಿಲ್ಲ, ಗೇರು ತಾನೇ ಬೀಳುತ್ತದೆ. ಎಡಗಾಲಿಗೆ ಕೆಲಸವಿಲ್ಲ. ಇಷ್ಟು ದಿನ ಹೇಗೋ ಸುಮ್ಮನೆ ಇಟ್ಟುಕೊಂಡಿದ್ದ. ಆದರೆ ಇವತ್ತು ಕಾರು ಒಮ್ಮೆ ಕೈಕೊಟ್ಟದ್ದಕ್ಕೆ ಹೆದರಿಕೆ, ಮೇಲೆ ಡ್ಯಾಮು, ಕೆಳಗೆ ನೀರು. ಇರಲಿ ಎಂದು ಆ ಕಾಲನ್ನು ಬ್ರೇಕಿನ ಮೇಲೆ ಇಟ್ಟಿದ್ದ.

ಹಿಂದಿನಿಂದ ಪೆಂಟಮ್ಮ ಕೇಳಿದಳು, “ಏನಂತ? ಏನ್ ಕೆಟ್ಟೈತಂತ?”

“ಮಾಮನ ಕಾಲು ಕೆಟ್ಟೈತಂತ ಅಜ್ಜಿ!” ಎಂದು ಮೌನೇಶ್ ಕೂಗಿದ. ಕೂಗಿದ್ದೇ ನಗತೊಡಗಿದ. ಕುರುಮಮ್ಮನಿಗೂ ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು, ಪಕ್ಕೆ ನೋಯಿತು. ಫೋನಿನಲ್ಲಿ ತ್ರಿವೇಣಿ “ಏನಾತು? ಅತ್ತಿ, ಏನಾತು?” ಎನ್ನುತ್ತಲೇ ಇದ್ದಳು. ಕೊನೆಗೆ ಆಂಜನೇಯುಲುನ ಹೊಟ್ಟೆಯೂ ಸ್ಟೀರಿಂಗಿಗೆ ತಾಗಿ ಕುಣಿಯತೊಡಗಿತು.

“ತಗಿ ಆ ಕಾಲು. ಮಡಚಿ ಸೀಟಿನ ಮ್ಯಾಲ ಇಟ್ಕೋ, ಊಟಕ್ಕ ಕುಂತಂಗ,” ಎಂದು ಕುರುಮಮ್ಮ ಅಪ್ಪಣೆ ಮಾಡಿದಳು.

ಆಂಜನೇಯುಲು ಚಪ್ಪಲಿ ಬಿಟ್ಟು ಎಡಗಾಲನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡ. ಕಾರು ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ತಡೆಯಿತು. ಆಮೇಲೆ ಕಟ್ಟು ಬಿಚ್ಚಿದ ಟಗರಿನ ಹಾಗೆ ಮುಂದಕ್ಕೆ ನುಗ್ಗಿತು. ಹಳದಿ ದೀಪ ಮಾತ್ರ ಹತ್ತಿಕೊಂಡೇ ಇತ್ತು.

“ನಂಬರ್ ಬರದಿಟ್ಕೋರಿ ಅತ್ತಿ, ಬರೀದ ಅಳಸಬ್ಯಾಡ್ರಿ. ನಿಂತ ಮ್ಯಾಲ ಅಳಸ್ರಿ,” ಎಂದು ಹೇಳಿ ತ್ರಿವೇಣಿ ಫೋನಿಟ್ಟಳು. ಬರೆಯಲು ಪೆನ್ನಿರಲಿಲ್ಲ. ಪೆಂಟಮ್ಮ ಸಂಚಿಯಿಂದ ಕಾಡಿಗೆ ಡಬ್ಬಿ ತೆಗೆದುಕೊಟ್ಟಳು. ಕುರುಮಮ್ಮ ಕಡ್ಡಿಯೊಂದನ್ನು ಅದರಲ್ಲಿ ಅದ್ದಿ ತನ್ನ ಮುಂಗೈ ಮೇಲೆ ಬಾವುಟ, ಎರಡು, ಎರಡು, ಒಂಬತ್ತು, ಒಂಬತ್ತು ಎಂದು ದೊಡ್ಡದಾಗಿ ಬರೆದುಕೊಂಡಳು. ಅವಳ ಜೀವನದಲ್ಲಿ ಅವಳು ಬರೆದ ಮೊದಲ ಇಂಗ್ಲಿಷ್ ಅಕ್ಷರ ಅದು. ಸ್ವಲ್ಪ ಓರೆಯಾಗಿತ್ತು, ಆದರೆ ಪಿ ಎಂದು ಯಾರು ಬೇಕಾದರೂ ಹೇಳಬಹುದಿತ್ತು.

ಡ್ಯಾಮಿನಿಂದಾಚೆ ಎಲ್ಲರೂ ಸೇರಿ ನಂಬರ್ ಕೂಗಿದರು. ಕುರುಮಮ್ಮ “ನೂರಾ ನಲವತ್ತು!” ಎಂದರೆ ಮದುಮಗ “ನೂರಾ ನಲವತ್ತು!” ಎನ್ನುತ್ತಿದ್ದ. “ನೂರಾ ಅರವತ್ತು!” ಎಂದರೆ ಪೆಂಟಮ್ಮ ಕೇಕೆ ಹಾಕುತ್ತಿದ್ದಳು. ಮೀನಿನ ಸೈಕಲ್ಲಿನ ಮುದುಕನನ್ನು ದಾಟುವಾಗ ನಾಲ್ಕೂ ಜನ ಸೇರಿ ಅವನಿಗೆ ಸಲಾಮು ಹೊಡೆದರು. ಗದ್ವಾಲದ ಮದುವೆ ಹಾಲಿನ ಗೇಟಿನಲ್ಲಿ ಕಾರು ಹೊಕ್ಕಾಗ ಹನ್ನೊಂದು ಇಪ್ಪತ್ತೆರಡು. ಡೋಲು ಬಡಿಯುವವರು ಕೈ ನಿಲ್ಲಿಸಿ ನೋಡಿದರು. ಮದುಮಗ ನಗುನಗುತ್ತ ಇಳಿದ, ಸೋದರಮಾವ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಇಳಿದ, ಅವರ ಹಿಂದೆ ಗ್ರೀಸು ಮೆತ್ತಿದ ಸೀರೆಯ ಹೆಂಗಸೊಬ್ಬಳು ಬರಿಗಾಲಲ್ಲಿ, ಕೈಯಲ್ಲಿ ವಯರು ಹಿಡಿದು ಇಳಿದಳು.

ಕುರುಮಮ್ಮ ಮೊದಲು ತನ್ನ ಕೆಲಸ ಮುಗಿಸಿದಳು. ಇಂಜಿನ್ ಆರಿಸಿ, ಚಾವಿ ಮಾತ್ರ ತಿರುಗಿಸಿ, ಕೋಡು ಅಳಿಸಿ, ಮತ್ತೊಮ್ಮೆ ಓದಿ ನೋಡಿದಳು. ಏನೂ ಇಲ್ಲ. ಆಮೇಲೆ ಹಾಲಿನೊಳಗೆ ಹೋಗಿ ಹಿಂದಿನ ಸಾಲಿನಲ್ಲಿ ಮುದುಡಿ ಕುಂತಳು. ಹೆಣ್ಣಿನ ಕಡೆಯ ಹೆಂಗಸೊಬ್ಬಳು ಅಕ್ಷತೆಯ ತಟ್ಟೆ ಹಿಡಿದು ಬಂದವಳು ಅವಳ ಸೀರೆ ನೋಡಿದಳು, ಮುಂಗೈ ನೋಡಿದಳು.

“ಇದ್ಯಾವ ಹಚ್ಚಿ ಹಾಕಿಸಿಕೊಂಡೀರಿ? ನೀವು ಹುಡುಗನ ಕಡೆಯವರೋ, ಹುಡುಗಿ ಕಡೆಯವರೋ?”

ಕುರುಮಮ್ಮ ತಟ್ಟೆಯಿಂದ ಅಕ್ಷತೆ ತೊಗೊಂಡಳು. “ನಾನು ಕಾರಿನ ಕಡೆಯಾಕಿ,” ಎಂದಳು.

ಮೌನೇಶ್ ಮದುಮಗಳು ಅಖಿಲಾಳ ಕೊರಳಿಗೆ ತಾಳಿ ಕಟ್ಟಿದಾಗ ಅವಳೂ ಎದ್ದು ಅಕ್ಷತೆ ಹಾಕಿದಳು. ಮಂಟಪದ ಮೇಲಿಂದ ಮೌನೇಶ್ ಎಲ್ಲರ ನಡುವೆ ಅವಳನ್ನು ಹುಡುಕಿ, ಅಖಿಲಾಳ ಕಿವಿಯಲ್ಲಿ ಏನೋ ಹೇಳಿದ. ತಲೆ ಬಗ್ಗಿಸಿ ಕೂತಿರಬೇಕಾದ ಮದುಮಗಳು ಪಕ್ಕನೆ ನಕ್ಕುಬಿಟ್ಟಳು. ಪುರೋಹಿತರು ಮಂತ್ರ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. ಅದರಿಂದ ನಗು ಇನ್ನೂ ಹೆಚ್ಚಾಯಿತು.

ಊಟದ ಹೊತ್ತಿಗೆ ಡ್ಯಾಮಿನ ಕತೆ ಎಲ್ಲ ಪಂಕ್ತಿಗೂ ತಲುಪಿತ್ತು. ಹೇಳಿದವನು ಆಂಜನೇಯುಲುವೇ. ತನ್ನ ಎಡಗಾಲನ್ನು ಎತ್ತಿ ಎತ್ತಿ ತೋರಿಸಿ ಹೇಳಿದ. ಉಂಡು ಹೊರಗೆ ಬಂದರೆ ಹಾಲಿನ ಅಂಗಳದಲ್ಲಿ ನಾಲ್ಕು ಕಾರು ಬಾನೆಟ್ ಎತ್ತಿಕೊಂಡು ಸಾಲಾಗಿ ನಿಂತಿದ್ದವು. “ಅಮ್ಮಾ, ನಮ್ಮದೂ ಒಂದು ಸಲ ನೋಡ್ರಿ!” ಕುರುಮಮ್ಮ ಕೈ ತೊಳೆದುಕೊಂಡು ಒಂದೊಂದನ್ನೇ ಓದಿದಳು. ಒಂದಕ್ಕೆ ಹೊಗೆಯ ದಾರಿ ಕಟ್ಟಿತ್ತು. ಇನ್ನೊಂದಕ್ಕೆ ಬ್ಯಾಟರಿ ಸೋತಿತ್ತು. ಮತ್ತೊಂದರ ಕೋಡು ತನಗೆ ಗೊತ್ತಿಲ್ಲ, ಮಗನ ಹತ್ತಿರ ತನ್ನಿ ಎಂದು ನೇರವಾಗಿ ಹೇಳಿದಳು. ನಾಲ್ಕನೆಯ ಕಾರಿನಲ್ಲಿ ಏನೂ ಬರಲಿಲ್ಲ.

“ನಿನ್ನ ಗಾಡಿ ಆರಾಮೈತಿ, ಹೋಗಪಾ.”

“ಏನೂ ಇಲ್ಲಾ?” ಎಂದ ಅದರ ಮಾಲೀಕ, ಎಲ್ಲರೂ ಪ್ರಸಾದ ತೊಗೊಂಡು ತನಗೊಬ್ಬನಿಗೇ ಸಿಗದ ಹಾಗೆ. “ಇನ್ನೊಮ್ಮೆ ನೋಡ್ರಿ, ಒಂದಾದ್ರೂ ಇರಬೇಕು.”

ಅವನ ಸಮಾಧಾನಕ್ಕೆ ಇನ್ನೊಮ್ಮೆ ನೋಡಿದಳು. ಆಗಲೇ ಮಹೇಂದರನ ಫೋನು ಬಂತು. ರಾಯಚೂರಿನಿಂದ ತಿರುಗಿ ಬಂದು ಅಪ್ಪನನ್ನು ಕೇಳಿದರೆ ಅಪ್ಪ “ನಿಮ್ಮವ್ವ ಯಾರದೋ ಮದುವಿಗಿ ಹೋದಳು” ಎಂದಷ್ಟೇ ಹೇಳಿದ್ದನಂತೆ.

“ಯವ್ವಾ! ಏನ್ ಮಾಡಿದಿ?”

“ಪೈಪು ಹೊರಗ ಬಂದಿತ್ತು, ಕೂಡಿಸಿದೆ. ಪಟ್ಟಿ ಬಿಗದೆ. ನೂರಾ ಎಪ್ಪತ್ತರ ತನ ಏರ್ತು.”

“ಸಾಕಷ್ಟು ಏರೈತಿ,” ಎಂದ ಮಹೇಂದರ್. ಆಮೇಲೆ ದನಿ ತಗ್ಗಿಸಿ, “ನಾ ಇದ್ರೂ ಅದನ್ನೇ ಮಾಡತಿದ್ದೆ ಯವ್ವಾ,” ಎಂದ. ಕುರುಮಮ್ಮನಿಗೆ ಅದು ಮದುವೆಯ ಊಟಕ್ಕಿಂತ ರುಚಿಯಾಯಿತು.

ಕಾರಿನಲ್ಲೇ ಬಿಟ್ಟು ಬರುತ್ತೇನೆ ಎಂದು ಆಂಜನೇಯುಲು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. “ನಿನ್ನ ಎಡಗಾಲಿನ ಮ್ಯಾಲ ನನಗ ನಂಬಿಕಿಲ್ಲಪಾ,” ಎಂದು ಬಸ್ ಸ್ಟ್ಯಾಂಡಿಗೆ ಹೋದಳು. ಅಖಿಲಾಳ ತಾಯಿ ಉಡಿ ತುಂಬಿ, ಮೇಲೆ ಒಂದು ಜೊತೆ ಹೊಸ ರಬ್ಬರು ಚಪ್ಪಲಿಯನ್ನೂ ಕೊಟ್ಟಿದ್ದಳು. ಕಂಡಕ್ಟರಮ್ಮ ಹೆಂಗಸರ ಪುಕ್ಕಟೆ ಸೊನ್ನೆ ಟಿಕೆಟ್ ಹರಿದು ಕೊಡುವಾಗ, ಕಿಟಕಿಯ ಪಕ್ಕದಲ್ಲಿ ಒಬ್ಬಳೇ ಕೂತು ನಗುತ್ತಿದ್ದ ಈ ಹೆಂಗಸನ್ನು ಎರಡು ಸಲ ನೋಡಿದಳು.

ಸೋಮವಾರ ಗದ್ವಾಲದ ಆಚೆಯ ಐಜದಿಂದ ಒಂದು ಕಾರು ಶೆಡ್ಡಿಗೆ ಬಂತು. ಡ್ರೈವರು ಇಳಿದು, ಎದುರಿಗೆ ಬಂದ ಮಹೇಂದರನನ್ನು ದಾಟಿ ಒಳಗೆ ಇಣುಕಿದ.

“ನಂಬರ್ ಹೇಳೋ ಅಮ್ಮ ಇಲ್ಲೇನು?”

“ಮೆಕ್ಯಾನಿಕ್ ನಾನು,” ಎಂದ ಮಹೇಂದರ್.

“ನೀನೂ ಇರಪಾ, ಬ್ಯಾಡ ಅನ್ನಲ್ಲ. ಮೊದಲ ಆ ಅಮ್ಮನ್ನ ಕರಿ.”

ಮಹೇಂದರ್ “ಯವ್ವಾ, ನಿನ್ನ ಗಿರಾಕಿ” ಎಂದು ಕೂಗಿದ. ಸಿಟ್ಟು ಮಾಡಿಕೊಳ್ಳಬೇಕೆಂದು ಮುಖ ಗಂಟು ಹಾಕಿದ್ದ. ಆದರೆ ನಗು ಬಂದುಬಿಟ್ಟು, ಅದನ್ನು ಮುಚ್ಚಿಕೊಳ್ಳಲು ಸರಸರನೆ ಒಂದು ಕಾರಿನ ಕೆಳಗೆ ತೂರಿಕೊಂಡ. ಕುರುಮಮ್ಮ ಚಹಾದ ಕೊನೆಯ ಗುಟುಕು ಕುಡಿದು, ಕಿಷ್ಟಪ್ಪನ ಕೈಗೆ ಲೋಟ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಎದ್ದಳು.